ಬೆಚ್ಚನೆಯ ಕಡಲಿಗೆ ಇಳಿಯುವ ಮುನ್ನ: ಬಿ.ಸಿ.ಡಿ. ಆಯ್ಕೆ ಹೇಗೆ?

ಮುತ್ತಂಗ: ಕಾಡು, ಹೊಳೆ, ಗದ್ದೆಗಳ ನಡುವೆ ಬದುಕುವ ಮುತ್ತಂಗ, ನೂಲ್ಪುಳ, ಗುಂಡ್ಲುಪೇಟೆ ಕಡೆಯವರಿಗೆ ಕಡಲು ಸ್ವಲ್ಪ ದೂರದ ಮಾತೇ. ತಾಮರಶ್ಶೇರಿ ಚುರಂ ಇಳಿದು ಕೋಝಿಕ್ಕೋಡು ತಲುಪಲು ಇಲ್ಲಿಂದ ನೂರು ಕಿಲೊಮೀಟರ್‌ಗೂ ಹೆಚ್ಚು ಸಾಗಬೇಕು. ಹಾಗಿದ್ದರೂ ಸ್ಕೂಬಾ ಡೈವಿಂಗ್ ಎಂಬ ಮಾತು ಈಗ ಮಲೆನಾಡಿನ ಯುವಕ ಯುವತಿಯರಿಗೂ ಹೊಸದಲ್ಲ. 2022ರ ಅಕ್ಟೋಬರ್‌ನಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅವರು ನೇತ್ರಾಣಿಯ ನೀರಿನಾಳಕ್ಕೆ ಇಳಿದದ್ದನ್ನು ಕಂಡ ಮೇಲೆ, ‘ನಾವೂ ಒಮ್ಮೆ ಇಳಿದು ನೋಡಬೇಕು’ ಎಂದುಕೊಂಡವರು ಅನೇಕ.

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪ, ಕನ್ನಡ ನಾಡಿನ ಪ್ರಮುಖ ಡೈವಿಂಗ್ ತಾಣ. ಲಕ್ಷದ್ವೀಪ, ಅಂಡಮಾನ್, ಗೋವಾ, ಕೋವಳಂ ಇನ್ನಿತರ ತಾಣಗಳು. ಇವೆಲ್ಲವೂ ಬೆಚ್ಚನೆಯ ನೀರಿನ ಕಡಲುಗಳು. ಇಲ್ಲಿ ಇಳಿಯುವವರ ಬೆನ್ನಿನಲ್ಲಿ ಸಿಲಿಂಡರ್ ಇರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಆ ಸಿಲಿಂಡರನ್ನು ಹೊತ್ತಿರುವ ಜಾಕೆಟ್ ಏನು ಮಾಡುತ್ತದೆ, ಅದನ್ನು ಹೇಗೆ ಆರಿಸಬೇಕು ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ಅದರ ಹೆಸರು ಬಯನ್ಸಿ ಕಂಟ್ರೋಲ್ ಡಿವೈಸ್, ಚಿಕ್ಕದಾಗಿ ಬಿ.ಸಿ.ಡಿ.

ಏನಿದು ಬಿ.ಸಿ.ಡಿ.?

ಕೆರೆಯಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಬುರುಡೆಯ ಕೆಲಸ ಒಂದೇ, ಸದಾ ತೇಲಿಸುವುದು. ಬಿ.ಸಿ.ಡಿ.ಯ ಕೆಲಸ ಬೇರೆ. ಅದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಂತೆ. ಗಾಳಿ ತುಂಬಿದರೆ ಮೇಲೇರಬಹುದು, ಬಿಟ್ಟರೆ ಕೆಳಗಿಳಿಯಬಹುದು, ಹದವಾಗಿಟ್ಟರೆ ಮೇಲೂ ಹೋಗದೆ ಕೆಳಗೂ ಬೀಳದೆ ನಡುನೀರಿನಲ್ಲಿ ನಿಲ್ಲಬಹುದು. ಈ ಹದವೇ ಡೈವಿಂಗ್‌ನ ಮುಖ್ಯ ವಿದ್ಯೆ.

ಫ್ರಾನ್ಸ್‌ನ ಮಾರಿಸ್ ಫೆಂಜಿ ಅವರು 1961ರಲ್ಲಿ ಕುತ್ತಿಗೆಗೆ ಹಾಕಿಕೊಳ್ಳುವ ಗಾಳಿಚೀಲವೊಂದನ್ನು ತಂದರು. 1971ರಲ್ಲಿ ಸ್ಕೂಬಾಪ್ರೊ ಕಂಪನಿ ತೋಳಿಲ್ಲದ ಅಂಗಿಯಂತಹ ಜಾಕೆಟನ್ನು ಮಾರುಕಟ್ಟೆಗೆ ಬಿಟ್ಟಿತು. ಇಂದಿನ ಜಾಕೆಟ್ ಮಾದರಿಯ ಬಿ.ಸಿ.ಡಿ.ಗಳು ಇದರದೇ ಸಂತತಿ.

ಇದು ಲೈಫ್ ಜಾಕೆಟ್ ಅಲ್ಲ

ಮೊದಲು ತಿಳಿಯಬೇಕಾದ ಸಂಗತಿ ಇದು. ಸರಿಯಾದ ಲೈಫ್ ಜಾಕೆಟ್ ಪ್ರಜ್ಞೆ ತಪ್ಪಿದವರ ಮುಖವನ್ನೂ ಮೇಲ್ಮುಖವಾಗಿ ಹಿಡಿಯುವಂತೆ ತಯಾರಾಗಿರುತ್ತದೆ. ಬಿ.ಸಿ.ಡಿ.ಗೆ ಆ ಭರವಸೆ ಇಲ್ಲ. ಬಿ.ಸಿ.ಡಿ.ಗಳಿಗೆ ಸಂಬಂಧಿಸಿದ ಯುರೋಪಿನ ಮಾನದಂಡ ಇ.ಎನ್. 1809 ಕೂಡ ಇದನ್ನು ಜೀವರಕ್ಷಕ ಕವಚವೆಂದು ಪರಿಗಣಿಸುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ತೀರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರು ಡೈವಿಂಗ್‌ಗೆ ಹೋದವರಲ್ಲ, ತೀರದಲ್ಲಿ ನೀರಿಗಿಳಿದವರು. ಕಡಲಿನ ಬಲ ಗೊತ್ತಿಲ್ಲದೆ ಒಳನಾಡಿನಿಂದ ಬರುವವರಿಗೆ ಆ ಘಟನೆಯೇ ಎಚ್ಚರಿಕೆ. ದೋಣಿಯಲ್ಲಿ ಲೈಫ್ ಜಾಕೆಟ್, ನೀರಿನಡಿಯಲ್ಲಿ ಬಿ.ಸಿ.ಡಿ. ಒಂದರ ಬದಲಿಗೆ ಇನ್ನೊಂದು ಆಗದು.

ಗಾಳಿಯ ಲೆಕ್ಕ

ಕಡಲ ಮೇಲ್ಮೈಯಲ್ಲಿ ಗಾಳಿಯ ಒತ್ತಡ ಒಂದು ಬಾರ್. 10 ಮೀಟರ್ ಆಳದಲ್ಲಿ ಅದು ಎರಡು, 20 ಮೀಟರ್‌ನಲ್ಲಿ ಮೂರು. ಒತ್ತಡ ಹೆಚ್ಚಿದಂತೆ ಗಾಳಿ ಕುಗ್ಗುತ್ತದೆ. 20 ಮೀಟರ್ ಆಳದಲ್ಲಿ ಬಿ.ಸಿ.ಡಿ.ಗೆ ತುಂಬಿದ ಒಂದು ಲೀಟರ್ ಗಾಳಿ, ಮೇಲೆ ಬರುವಷ್ಟರಲ್ಲಿ ಮೂರು ಲೀಟರ್ ಆಗಿರುತ್ತದೆ. ದಾರಿಯಲ್ಲಿ ಅದನ್ನು ಹೊರಬಿಡದಿದ್ದರೆ ಡೈವರ್ ಬೆಂಡಿನಂತೆ ಮೇಲಕ್ಕೆ ಚಿಮ್ಮುತ್ತಾನೆ. ಆ ಗಾಬರಿಯಲ್ಲಿ ಉಸಿರು ಬಿಗಿಹಿಡಿದರೆ ಶ್ವಾಸಕೋಶವೂ ಇದೇ ಲೆಕ್ಕದಲ್ಲಿ ಉಬ್ಬಿ ಹರಿಯಬಹುದು. ಪ್ರಾಣಾಪಾಯ ಇರುವುದು ಇಲ್ಲಿ. ಆದ್ದರಿಂದಲೇ ನಿಮಿಷಕ್ಕೆ 9 ಮೀಟರ್ ವೇಗ ಮೀರದೆ ಏರಬೇಕು, 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲಬೇಕು, ಎಂದಿಗೂ ಉಸಿರು ಹಿಡಿಯಬಾರದು ಎಂದು ಕಲಿಸಲಾಗುತ್ತದೆ.

ದೊಡ್ಡದು ಬೇಕಿಲ್ಲ

‘ದೊಡ್ಡ ಚೀಲ, ಹೆಚ್ಚು ಸುರಕ್ಷೆ’ ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಬೆಚ್ಚನೆಯ ನೀರಿಗೆ ಎಷ್ಟು ಎತ್ತುವ ಬಲ ಬೇಕು ಎಂಬುದನ್ನು ಸುಲಭವಾಗಿ ಲೆಕ್ಕ ಹಾಕಬಹುದು.

ಪ್ರವಾಸಿ ತಾಣಗಳಲ್ಲಿ ಹೆಚ್ಚಾಗಿ ಸಿಗುವುದು 11 ಲೀಟರ್‌ನ ಅಲ್ಯೂಮಿನಿಯಂ ಸಿಲಿಂಡರ್. 200 ಬಾರ್‌ಗೆ ತುಂಬಿದಾಗ ಅದರೊಳಗಿನ ಗಾಳಿಯ ತೂಕವೇ ಸುಮಾರು ಎರಡೂವರೆ ಕಿಲೊ. ಉಸಿರಾಡುತ್ತಾ ಗಾಳಿ ಖರ್ಚಾದಂತೆ ಸಿಲಿಂಡರ್ ಹಗುರಾಗುತ್ತದೆ. ತುಂಬಿದ್ದಾಗ ಮುಳುಗುವ ಅದೇ ಸಿಲಿಂಡರ್ ಖಾಲಿಯಾದಾಗ ತೇಲತೊಡಗುತ್ತದೆ. ನಮ್ಮ ಕಡಲುಗಳಲ್ಲಿ ತೊಡುವುದು ಸಾಮಾನ್ಯವಾಗಿ 3 ಮಿಲಿಮೀಟರ್ ದಪ್ಪದ ತೆಳು ವೆಟ್‌ಸೂಟ್. ಆಳಕ್ಕಿಳಿದಂತೆ ಅದು ಅದುಮಿಕೊಂಡು ಕಳೆದುಕೊಳ್ಳುವ ತೇಲುಬಲ ಒಂದೆರಡು ಕಿಲೊ ಮಾತ್ರ. ಎರಡನ್ನೂ ಕೂಡಿಸಿ, ನೀರಿನ ಮೇಲೆ ತಲೆ ಎತ್ತಿ ನಿಲ್ಲಲು ಇನ್ನಷ್ಟು ಸೇರಿಸಿದರೂ 10ರಿಂದ 14 ಕಿಲೊ ಎತ್ತುವ ಬಲ ಧಾರಾಳ ಸಾಕು. 20 ಕಿಲೊ ಬಲದ ಚೀಲಗಳು ತಣ್ಣೀರಿನ ದೇಶಗಳಲ್ಲಿ ದಪ್ಪ ಸೂಟು, ಹೆಚ್ಚಿನ ಸೀಸ ಹೊರುವವರಿಗಾಗಿ ಇರುವಂಥವು. ಅಂಥ ದೊಡ್ಡ ಚೀಲದಲ್ಲಿ ಗಾಳಿ ಅತ್ತಿತ್ತ ಸರಿದಾಡುತ್ತದೆ, ನೀರಿನ ತಡೆ ಹೆಚ್ಚುತ್ತದೆ, ಪೂರ್ತಿ ಗಾಳಿ ಬಿಡುವುದೂ ನಿಧಾನ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಒಪ್ಪುತ್ತದೆ.

ಮೂರು ಮಾದರಿಗಳು

ಜಾಕೆಟ್ ಮಾದರಿ: ಗಾಳಿಚೀಲ ಬೆನ್ನು, ಪಕ್ಕೆ ಎರಡೂ ಕಡೆ ಇರುತ್ತದೆ. ನೀರಿನ ಮೇಲೆ ನೇರವಾಗಿ ನಿಲ್ಲಲು ಅನುಕೂಲ, ಜೇಬುಗಳು ದೊಡ್ಡವು. ಡೈವಿಂಗ್ ಕೇಂದ್ರಗಳಲ್ಲಿ ಬಾಡಿಗೆಗೆ ಸಿಗುವುದು ಹೆಚ್ಚಾಗಿ ಇದೇ. ಪೂರ್ತಿ ತುಂಬಿದಾಗ ಎದೆ, ಹೊಟ್ಟೆಯನ್ನು ಬಿಗಿಯುವುದು ಇದರ ಕೊರತೆ.

ಬೆನ್ನಿನ ಕಡೆ ಉಬ್ಬುವ ಮಾದರಿ: ಗಾಳಿ ಬೆನ್ನಿನಲ್ಲಿ ಮಾತ್ರ ತುಂಬುತ್ತದೆ. ಎದೆ ಬಿಡುವಾಗಿರುತ್ತದೆ, ನೀರಿನಡಿಯಲ್ಲಿ ಮೀನಿನಂತೆ ಅಡ್ಡಲಾಗಿ ಈಜಲು ಸುಲಭ. ಮೇಲೆ ಬಂದಾಗ ವಿಪರೀತ ಗಾಳಿ ತುಂಬಿದರೆ ಮುಖವನ್ನು ಮುಂದಕ್ಕೆ ತಳ್ಳುವ ಗುಣ ಇದಕ್ಕಿದೆ. ಸ್ವಲ್ಪ ಗಾಳಿ ಬಿಟ್ಟು ಹಿಂದಕ್ಕೆ ಒರಗಿದರೆ ಸರಿಹೋಗುತ್ತದೆ.

ಬ್ಯಾಕ್‌ಪ್ಲೇಟ್ ಮತ್ತು ವಿಂಗ್: ಬೆನ್ನಿಗೊಂದು ಹಲಗೆ, ಪಟ್ಟಿಗಳು, ಬೇರೆಯೇ ಆದ ಗಾಳಿಚೀಲ. ಬಿಡಿಬಿಡಿಯಾಗಿ ಕಳಚಬಹುದು, ಹಾಳಾದ ಭಾಗವನ್ನಷ್ಟೇ ಬದಲಿಸಬಹುದು. ಹಲಗೆ ಉಕ್ಕಿನದಾದರೆ ಎರಡೂವರೆ ಮೂರು ಕಿಲೊ ತೂಗುತ್ತದೆ. ಪ್ರಯಾಣಕ್ಕೆ ಅಲ್ಯೂಮಿನಿಯಂ ಅಥವಾ ಬಟ್ಟೆಯ ಮೆತ್ತನೆಯ ಹಲಗೆ ಲೇಸು.

ಬ್ಯಾಗಿನ ತೂಕ

ಬಸ್ಸು, ರೈಲಿನಲ್ಲಿ ಮುರುಡೇಶ್ವರಕ್ಕೆ ಹೋಗುವವರಿಗೆ ತೂಕ ದೊಡ್ಡ ಚಿಂತೆಯಲ್ಲ. ಅಂಡಮಾನ್ ಅಥವಾ ಅಗತ್ತಿಗೆ ವಿಮಾನ ಹತ್ತುವವರ ವಿಷಯ ಹಾಗಲ್ಲ. ದೇಶದೊಳಗಿನ ಅಗ್ಗದ ಟಿಕೆಟ್‌ಗಳಲ್ಲಿ ಸಾಮಾನ್ಯವಾಗಿ 15 ಕಿಲೊ ಲಗೇಜು ಮಾತ್ರ ಉಚಿತ. ಸಾಮಾನ್ಯ ಬಿ.ಸಿ.ಡಿ. ಮೂರೂವರೆಯಿಂದ 5 ಕಿಲೊ ತೂಗಿದರೆ, ಪ್ರಯಾಣಕ್ಕೆಂದೇ ಮಾಡಿದ ಹಗುರ ಮಾದರಿಗಳು ಎರಡು, ಎರಡೂವರೆ ಕಿಲೊ ಅಷ್ಟೆ. ಇವು ಮಡಚಿ ಸುತ್ತಿಡಲು ಬರುತ್ತವೆ, ಬೇಗ ಒಣಗುತ್ತವೆ. ಬಟ್ಟೆ ತೆಳುವಾಗಿರುವುದರಿಂದ ಹವಳದ ಬಂಡೆಗೆ ಉಜ್ಜದಂತೆ ಎಚ್ಚರ ಬೇಕು. ಸೀಸದ ತೂಕಗಳು, ಸಿಲಿಂಡರ್ ಹೋದಲ್ಲಿಯೇ ಸಿಗುತ್ತವೆ. ಊರೂರಿನ ಸಿಲಿಂಡರ್ ದಪ್ಪ ಬೇರೆ ಬೇರೆ ಇರುವುದರಿಂದ ಬಿ.ಸಿ.ಡಿ.ಯ ಹಿಂಬದಿಯ ಪಟ್ಟಿ ಸಾಕಷ್ಟು ಹೊಂದಿಸಲು ಬರುವಂತಿರಬೇಕು.

ತೊಟ್ಟು ನೋಡಿಯೇ ಕೊಳ್ಳಿ

ಅಳತೆಯ ಚೀಟಿ ನಂಬಿ ಕೊಳ್ಳುವ ವಸ್ತು ಇದಲ್ಲ. ತೊಟ್ಟಾಗ ಹೀಗೆ ಪರೀಕ್ಷಿಸಬೇಕು:

1. ಹೆಚ್ಚುವರಿ ಗಾಳಿ ಬಿಡುವ ವಾಲ್ವ್ ಸುಯ್‌ಗುಡುವವರೆಗೂ ತುಂಬಿ. ಆಗಲೂ ಉಸಿರಾಟ ಸರಾಗವಾಗಿರಬೇಕು.
2. ಇನ್ನೊಬ್ಬರು ಭುಜದ ಪಟ್ಟಿ ಹಿಡಿದು ಮೇಲೆತ್ತಿದಾಗ ಜಾಕೆಟ್ ಕಿವಿಯವರೆಗೆ ಜಾರಬಾರದು.
3. ಗಾಳಿ ತುಂಬುವ, ಬಿಡುವ ಗುಂಡಿಗಳು ನೋಡದೆಯೇ ಕೈಗೆ ಸಿಗಬೇಕು, ಒಂದಕ್ಕೊಂದು ಗೊಂದಲ ಆಗಬಾರದು.
4. ಭುಜದ ಮೇಲೊಂದು, ಕೆಳಗೆ ಸೊಂಟದ ಬಳಿ ಒಂದು ಗಾಳಿ ಬಿಡುವ ವಾಲ್ವ್ ಇರಲಿ. ತಲೆಕೆಳಗಾಗಿದ್ದಾಗ ಉಪಯೋಗಕ್ಕೆ ಬರುವುದು ಕೆಳಗಿನದು.
5. ತೂಕದ ಜೇಬುಗಳಿದ್ದರೆ ಒಂದೇ ಎಳೆತಕ್ಕೆ ಕಳಚಿ ಬೀಳಬೇಕು, ತಾನಾಗಿಯೇ ಬೀಳಬಾರದು.

ಹೆಂಗಸರಿಗಾಗಿ ಬೆನ್ನಿನ ಅಳತೆ ಗಿಡ್ಡವಿರುವ, ಭುಜದ ಪಟ್ಟಿ ಬಾಗಿರುವ ಮಾದರಿಗಳಿವೆ. ಬಣ್ಣ, ಹೆಚ್ಚುವರಿ ಜೇಬು, ಉಂಗುರಗಳ ಚೆಂದಕ್ಕೆ ಮರುಳಾಗಿ ಅಳತೆಯಲ್ಲಿ ರಾಜಿಯಾಗುವುದು ಸಲ್ಲದು.

ಹೊಳೆ ನೀರು, ಉಪ್ಪು ನೀರು

ಈಜುಕೊಳದಲ್ಲಿ ತರಬೇತಿ ಪಡೆದವರು ಒಂದು ಮಾತು ನೆನಪಿಡಬೇಕು. ಕಡಲ ನೀರು ಸಿಹಿನೀರಿಗಿಂತ ಸುಮಾರು ಶೇ. 2.5ರಷ್ಟು ಸಾಂದ್ರ. ಮೈತೂಕ, ಸಲಕರಣೆ ಎಲ್ಲ ಸೇರಿ 100 ಕಿಲೊ ಆಗುವವರಿಗೆ ಕಡಲಿನಲ್ಲಿ ಸುಮಾರು ಎರಡೂವರೆ ಕಿಲೊ ಸೀಸ ಹೆಚ್ಚು ಬೇಕಾಗುತ್ತದೆ. ಸರಿಯಾದ ತೂಕ ತಿಳಿಯುವ ವಿಧಾನ ಹೀಗಿದೆ: ಸಿಲಿಂಡರ್‌ನಲ್ಲಿ 50 ಬಾರ್ ಉಳಿದಿರುವಾಗ ಬಿ.ಸಿ.ಡಿ. ಪೂರ್ತಿ ಖಾಲಿ ಮಾಡಿ, ಸಾಧಾರಣ ಉಸಿರಿನಲ್ಲಿ ಅಲುಗದೆ ನಿಂತರೆ ನೀರು ಕಣ್ಣಿನ ಮಟ್ಟಕ್ಕಿರಬೇಕು, ಉಸಿರು ಬಿಟ್ಟರೆ ನಿಧಾನವಾಗಿ ಮುಳುಗಬೇಕು. ಸೀಸ ಹೆಚ್ಚು ಕಟ್ಟಿಕೊಂಡವರು ಅದನ್ನು ಸರಿದೂಗಿಸಲು ಬಿ.ಸಿ.ಡಿ.ಗೆ ಹೆಚ್ಚು ಗಾಳಿ ತುಂಬುತ್ತಾರೆ. ಮೇಲೇರುವಾಗ ಉಬ್ಬಿ ಕಾಡುವುದು ಆ ಗಾಳಿಯೇ.

ಕೊಳ್ಳಬೇಕೇ, ಬಾಡಿಗೆ ಸಾಕೇ?

ಒಮ್ಮೆ ನೋಡಿ ಬರೋಣ ಎನ್ನುವವರು ಕೊಳ್ಳುವ ಗೋಜಿಗೇ ಹೋಗಬಾರದು. ಮೊದಲ ಬಾರಿಗೆ ಇಳಿಯುವವರ ಬಿ.ಸಿ.ಡಿ.ಯನ್ನು ತರಬೇತುದಾರರೇ ನಿಭಾಯಿಸುತ್ತಾರೆ. ಕೋರ್ಸ್ ಮುಗಿಸಿ ವರ್ಷಕ್ಕೊಮ್ಮೆ ಹೋಗುವವರಿಗೂ ಬಾಡಿಗೆಯೇ ಲಾಭ. ಹೊಸದಕ್ಕೆ ಹಲವು ಹತ್ತು ಸಾವಿರ ರೂಪಾಯಿ ಬೇಕು. ವರ್ಷಕ್ಕೆ ಎರಡು ಮೂರು ಪ್ರವಾಸ ಮಾಡುವವರಿಗೆ, ಬಾಡಿಗೆಯ ಅಳತೆ ಮೈಗೆ ಹೊಂದದವರಿಗೆ ಸ್ವಂತದ್ದು ಒಪ್ಪುತ್ತದೆ.

ಬಾಡಿಗೆಯದಾದರೂ ಐದು ನಿಮಿಷದ ಪರೀಕ್ಷೆ ತಪ್ಪಿಸಬಾರದು. ಗಟ್ಟಿಯಾಗಿ ಗಾಳಿ ತುಂಬಿ ಬಿಡಿ, ಐದು ನಿಮಿಷದ ನಂತರವೂ ಗಟ್ಟಿಯಾಗಿಯೇ ಇರಬೇಕು. ಗುಂಡಿ ಒತ್ತಿ ಬಿಟ್ಟರೆ ಸಿಕ್ಕಿಕೊಳ್ಳದೆ ಮೇಲೆ ಬರಬೇಕು. ಬಾಯಿಯಿಂದಲೂ ಊದಿ ನೋಡಬೇಕು. ಸಿಲಿಂಡರ್ ಪಟ್ಟಿಯನ್ನು ನೆನೆಸಿ ಬಿಗಿಯಬೇಕು, ಒಣಗಿದ್ದಾಗ ಬಿಗಿದದ್ದು ನೀರಿನಲ್ಲಿ ಸಡಿಲವಾಗುತ್ತದೆ. ಹಳೆಯದನ್ನು ಕೊಳ್ಳುವವರು ಗಾಳಿ ತುಂಬಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ನೋಡುವುದು ಒಳ್ಳೆಯದು. ನೀರಿನಡಿಯಲ್ಲಿ ಗುಂಡಿ ಸಿಕ್ಕಿಕೊಂಡು ಗಾಳಿ ತುಂಬುತ್ತಲೇ ಇದ್ದರೆ, ಕೂಡಲೇ ಅದರ ಕೊಳವೆ ಕಳಚಿ ಗಾಳಿ ಹೊರಬಿಡಬೇಕು. ಇದನ್ನು ಈಜುಕೊಳದಲ್ಲೇ ಹಲವು ಬಾರಿ ಅಭ್ಯಾಸ ಮಾಡಿರಬೇಕು.

ಮಳೆಗಾಲದ ಆರೈಕೆ

ಗುಂಡಿ ಸಿಕ್ಕಿಕೊಳ್ಳಲು ಮುಖ್ಯ ಕಾರಣ ಒಣಗಿದ ಉಪ್ಪು ಮತ್ತು ಮರಳು. ಪ್ರತಿ ಬಾರಿಯೂ ಬಿ.ಸಿ.ಡಿ.ಯ ಹೊರಗೆ, ಒಳಗೆ ಎರಡೂ ಕಡೆ ಸಿಹಿನೀರು ಹಾಯಿಸಿ, ಕುಲುಕಿ, ಬಸಿದು ನೆರಳಿನಲ್ಲಿ ಒಣಗಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಕರಾವಳಿಯಲ್ಲಿ ಡೈವಿಂಗ್ ಇಲ್ಲ. ಅದೇ ಸಮಯ ವಯನಾಡಿನಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುವ ಕಾಲ. ಮಡಚಿ ಪೆಟ್ಟಿಗೆಯಲ್ಲಿಟ್ಟರೆ ಚೀಲದ ಒಳಮೈ ಅಂಟಿಕೊಂಡು ಹಾಳಾಗುತ್ತದೆ. ಅರ್ಧ ಗಾಳಿ ತುಂಬಿ, ಇಲಿಗೆ ಎಟುಕದಂತೆ, ಗಾಳಿಯಾಡುವ ಕಡೆ ತೂಗುಹಾಕಬೇಕು. ವರ್ಷಕ್ಕೊಮ್ಮೆ ತಿಳಿದವರಿಂದ ವಾಲ್ವ್ ಪರೀಕ್ಷೆ ಮಾಡಿಸಬೇಕು.

ಮರಳಿ ಬೆಟ್ಟ ಹತ್ತುವಾಗ

ಮಲೆನಾಡಿನವರು ಮರೆಯಬಾರದ ಇನ್ನೊಂದು ವಿಷಯವಿದೆ. ಡೈವ್ ಮಾಡಿದ ಮೇಲೆ ದೇಹದಲ್ಲಿ ಸೇರಿದ ಸಾರಜನಕ ಹೊರಹೋಗಲು ಸಮಯ ಬೇಕು. ವಿಮಾನ ಹತ್ತಲು ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ ಕನಿಷ್ಠ 18 ಗಂಟೆ ಕಾಯಬೇಕೆಂಬುದು ಸಾಮಾನ್ಯ ಸಲಹೆ. ಸುಮಾರು 600 ಮೀಟರ್‌ಗಿಂತ ಎತ್ತರದ ರಸ್ತೆಗೂ ಇದೇ ಎಚ್ಚರ ಅನ್ವಯಿಸುತ್ತದೆ. ವಯನಾಡು ಪ್ರಸ್ಥಭೂಮಿ 700 ಮೀಟರ್‌ಗೂ ಮೇಲಿದೆ. ಚುರಂ ಹತ್ತಿ ಬಂದರೂ, ಮಡಿಕೇರಿ, ಮೈಸೂರು ಸುತ್ತಿ ಬಂದರೂ ಎತ್ತರ ತಪ್ಪದು. ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚುತ್ತದೆಂದು ಡೈವ್ ಮುಗಿಸಿ ಅದೇ ಸಂಜೆ ಅವಸರದಲ್ಲಿ ಹೊರಡುವ ಬದಲು, ಒಂದು ರಾತ್ರಿ ಕರಾವಳಿಯಲ್ಲೇ ತಂಗಿ ಬೆಳಿಗ್ಗೆ ಹೊರಡುವುದು ಕ್ಷೇಮ.

ಒಟ್ಟಿನಲ್ಲಿ ಬೆಚ್ಚನೆಯ ಕಡಲಿಗೆ ಬೇಕಾದ ಬಿ.ಸಿ.ಡಿ. ಚಿಕ್ಕದು, ಹಗುರವಾದದ್ದು, ಮೈಗೆ ಸರಿಯಾಗಿ ಕೂರುವಂಥದ್ದು. ಕೊಂಡದ್ದಾಗಲಿ, ಬಾಡಿಗೆಯದಾಗಲಿ, ನೀರಿಗೆ ಇಳಿಯುವ ಮುನ್ನ ಗುಂಡಿ, ವಾಲ್ವ್, ಪಟ್ಟಿ ಮೂರನ್ನೂ ಸ್ವತಃ ಮುಟ್ಟಿ ನೋಡಿ ಇಳಿಯುವುದು ಜಾಣತನ.