ಹಿತ್ತಾಳೆಯ ದನಿ, ಆನೆಯ ನಡೆ

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಅರಮನೆಯು, ವೈಣಿಕರನ್ನೂ ಗಾಯಕರನ್ನೂ ಪೋಷಿಸಿದ ಔದಾರ್ಯದಿಂದಲೇ ಪಾಶ್ಚಾತ್ಯ ಬ್ಯಾಂಡನ್ನೂ ಸಲಹಿ, ಅದರ ಶಿಕ್ಷಣವನ್ನು ಜರ್ಮನಿಯ ಆಟೋ ಷ್ಮಿಟ್ ಎಂಬ ಸಂಗೀತಜ್ಞನಿಗೆ ವಹಿಸಿದ್ದು ಆ ಆಸ್ಥಾನದ ರಸಿಕತೆಗೆ ಸಾಕ್ಷಿಯಾಗಿದೆ.

ಕುಳಿತು ನುಡಿಸುವುದು ಒಂದು ವಿದ್ಯೆ. ನಡೆಯುತ್ತ ನುಡಿಸುವುದು ಬೇರೊಂದೇ ವಿದ್ಯೆ. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಎಡಗಾಲು ನೆಲ ಮುಟ್ಟಬೇಕು. ಆದರೆ ಹೆಜ್ಜೆಯ ಆಘಾತವು ತುಟಿಯವರೆಗೇರಿದರೆ ಕಾರ್ನೆಟ್ಟಿನ ಬಾಯಿ ಜರುಗಿ ಸ್ವರ ನಡುಗುವುದಾದ್ದರಿಂದ, ಮಂಡಿಯನ್ನು ಸಡಿಲಿಸಿ, ಕೊರಳನ್ನು ನಿಶ್ಚಲವಾಗಿರಿಸಿ, ವಾದ್ಯಕ್ಕೆ ಸಿಕ್ಕಿಸಿದ ಅಂಗೈಯಗಲದ ಸ್ವರಲಿಪಿಯನ್ನು ನೋಡುತ್ತಲೇ ಪಕ್ಕದವನ ಭುಜಕ್ಕೆ ಸಮನಾಗಿ ಸಾಗುವುದನ್ನು ತಾಲೀಮಿನಲ್ಲಿ ಮತ್ತೆ ಮತ್ತೆ ಸಾಧಿಸಬೇಕಾಗುತ್ತದೆ. ತಿರುವಿನಲ್ಲಿ ಒಳಗಿನವರು ಹೆಜ್ಜೆಯನ್ನು ಕಿರಿದಾಗಿಸಿ ಹೊರಗಿನವರು ನೀಳವಾಗಿಸುವಾಗಲೂ ಲಯ ತಪ್ಪಬಾರದೆಂಬುದು, ನನ್ನ ಅಭಿಪ್ರಾಯದಲ್ಲಿ, ಈ ಕಲೆಯ ಅತ್ಯಂತ ಕಠಿಣ ಪರೀಕ್ಷೆ.

ವಿಜಯದಶಮಿಯಂದು ಜಂಬೂಸವಾರಿಯೊಡನೆ ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು 5 ಕಿಲೋಮೀಟರು ದಾರಿಯನ್ನು ಆನೆಯ ಮಂದಗತಿಗೆ ಹೊಂದಿಕೊಂಡು ಕ್ರಮಿಸಬೇಕು. ಅರಮನೆಯ ಬ್ಯಾಂಡು ನುಡಿಸುತ್ತಿದ್ದ, ಬಸವಪ್ಪ ಶಾಸ್ತ್ರಿಗಳು ರಚಿಸಿದ ‘ಕಾಯೌ ಶ್ರೀ ಗೌರಿ’ ಮೈಸೂರು ಸಂಸ್ಥಾನದ ಗೀತೆಯಾಗಿದ್ದಿತು. ಸಂಸ್ಥಾನ ಅಳಿದರೂ ವಾದ್ಯಗಳು ಮೂಲೆ ಸೇರಲಿಲ್ಲ. ಮೈಸೂರಿನ ಪೊಲೀಸ್ ಬ್ಯಾಂಡಿನವರು ಅವನ್ನು ಕೈಗೆತ್ತಿಕೊಂಡು, ದಸರೆಯಲ್ಲಿ ಇಂದಿಗೂ ನುಡಿಸುತ್ತಿದ್ದಾರೆ.