ಹಗ್ಗದಾಟದ ಹಾಡುಗಳು

ಚಿಂಚೋಳಿ ತಾಲೂಕಿನ ಚಿಮ್ಮನಚೋಡ ತೆಲಂಗಾಣದ ಗಡಿಗೆ ಹತ್ತಿರದ ಊರು. ಈ ಸೀಮೆಯ ಮಕ್ಕಳ ಕಿವಿಗೆ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಬೀಳುತ್ತವೆ. ನಾವು ಚಿಕ್ಕವರಿದ್ದಾಗ ಹಗ್ಗದಾಟಕ್ಕೆ ಅಂಗಡಿಯ ಹಗ್ಗ ಬೇಕಿರಲಿಲ್ಲ. ಬಾವಿಯ ನೀರು ಸೇದಿ ಸವೆದ ಪುಂಡಿನಾರಿನ ಹಗ್ಗವೇ ಸಾಕಾಗುತ್ತಿತ್ತು. ಇಬ್ಬರು ತಿರುವುವವರು, ನಡುವೆ ಜಿಗಿಯುವವಳು, ಸುತ್ತ ನಿಂತವರ ಬಾಯಲ್ಲಿ ಎಣಿಕೆ. ಕನ್ನಡದಲ್ಲಿ ಆರಂಭವಾದ ಎಣಿಕೆ, ಹಗ್ಗದ ವೇಗ ಹೆಚ್ಚಿದಂತೆ 'ಏಕ್, ದೋ, ತೀನ್'ಗೆ ಹೊರಳುತ್ತಿತ್ತು. ಓಡುವ ಹೆಜ್ಜೆಗೆ ಚಿಕ್ಕ ಪದವೇ ಒಗ್ಗುತ್ತದೆ. ಅಲ್ಲಿ ಭಾಷೆಯನ್ನು ಆರಿಸುತ್ತಿದ್ದುದು ಜಾತಿ, ಧರ್ಮಗಳಲ್ಲ; ಕಾಲುಗಳು.

ಇಂಗ್ಲೆಂಡಿನ ಓಪಿ ದಂಪತಿ 1959ರಲ್ಲಿ ಪ್ರಕಟಿಸಿದ ಗ್ರಂಥಕ್ಕಾಗಿ 70 ಶಾಲೆಗಳ ಸುಮಾರು 5,000 ಮಕ್ಕಳಿಂದ ಇಂಥ ಮಾತು, ಹಾಡುಗಳನ್ನು ಸಂಗ್ರಹಿಸಿದರು. ಈ ಹಾಡುಗಳು ದೊಡ್ಡವರಿಂದಲ್ಲ, ಮಗುವಿನಿಂದ ಮಗುವಿಗೆ ದಾಟುತ್ತವೆ. ಊರು ಬದಲಾದಂತೆ ಪದ ಬದಲಾಗುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು.

ನಮ್ಮ ಸೀಮೆಯಲ್ಲಿ ಪದಗಳು ಬೆರೆತದ್ದಕ್ಕೆ ಇತಿಹಾಸವಿದೆ. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನ. ಆಡಳಿತದ ಭಾಷೆ ಉರ್ದು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ತಾಂಡೂರು ಆಂಧ್ರಪ್ರದೇಶಕ್ಕೆ ಹೋಯಿತು. ಆದರೆ ಮಾತು ಗೆರೆಯ ಈಚೆಗೇ ನಿಲ್ಲಲಿಲ್ಲ. ನಮ್ಮ ದಖನಿಯ 'ನಕ್ಕೊ' ಮರಾಠಿಯಿಂದ ಬಂದದ್ದು. 'ಬೋಲ್ಕೆ' ಎಂಬುದು ಕನ್ನಡದ 'ಅಂತ', ತೆಲುಗಿನ 'ಅನಿ' ಮಾಡುವ ಕೆಲಸವನ್ನೇ ಮಾಡುತ್ತದೆ. ಆಟದಲ್ಲಿ ಸೋತವಳು ಜಗಳಕ್ಕೆ ನಿಂತಾಗ ಇವೆಲ್ಲ ಒಂದೇ ಉಸಿರಿನಲ್ಲಿ ಹೊರಬರುತ್ತಿದ್ದವು.

ನಾವು ಉರ್ದು ಶಾಲೆಯಲ್ಲೂ ಕಲಿತೆವು, ಕನ್ನಡ ಶಾಲೆಯಲ್ಲೂ ಕಲಿತೆವು. ಎರಡೂ ಕಡೆ ಗುರುಗಳು ಈ ಬೆರಕೆ ಮಾತನ್ನು ಅಶುದ್ಧವೆಂದು ತಿದ್ದಿದರು. ಅವರ ಕಾಳಜಿ ನಿಜ. ಆದರೆ ಅಂಗಳದಲ್ಲಿ ನಾಚಿಕೆಯಿಲ್ಲದೆ ಹಾಡಿದ್ದನ್ನು ನಾವು ತರಗತಿಯಲ್ಲಿ ಮರೆಯಲು ಕಲಿತೆವು. ಹಾಡು ಮರೆತಂತೆ, ಜೊತೆಗೆ ಹಾಡಿದ ನೆರೆಮನೆಯ ಗೆಳತಿಯೂ ದೂರವಾದಳು.

ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿ, ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರ ದನಿಯನ್ನು ಉಳಿಸಿದರು. ಅಂಗಳದ ಮಕ್ಕಳ ಹಾಡಿಗೂ ಅಂಥದೇ ಕಿವಿ ಬೇಕಾಗಿದೆ. ಈ ಹಾಡುಗಳನ್ನು ಬಲ್ಲ ಅಕ್ಕಂದಿರು, ಆಪಾಗಳು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಅವರ ಬಾಯಲ್ಲಿ ಬಂದದ್ದನ್ನು ತಿದ್ದದೆ ಬರೆದಿಡೋಣ. ನಾವು ಒಂದೇ ಹಗ್ಗ ಹಿಡಿದು ಆಡಿದ್ದೆವು ಎಂಬುದಕ್ಕೆ ನಾಳೆಯ ಮಕ್ಕಳಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.