ಖಂಭಾತಿನ ಪಕ್ಷಿಶಾಲೆ, ಸಾಬರಮತಿಯ ಕರು

ಕನ್ನಡಿಗರಿಗೆ ಪಿಯೆತ್ರೊ ದೆಲ್ಲಾ ವಲ್ಲೆಯ ಪರಿಚಯವಿರುವುದು, 1623ರ ಕೊನೆಯಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ರಾಜಧಾನಿಯನ್ನು ವರ್ಣಿಸಿದ ಇಟಲಿಯ ಪ್ರವಾಸಿಯೆಂದು. ಆದರೆ ಅದೇ ವರ್ಷದ ಆರಂಭದಲ್ಲಿ ಗುಜರಾತಿನ ಖಂಭಾತ್ ಪಟ್ಟಣದಲ್ಲಿ ಆತನು ಕಂಡು ಬರೆದಿಟ್ಟ ಸಣ್ಣ ಮನೆಯೊಂದರ ವೃತ್ತಾಂತವು ನನಗೆ ಆ ರಾಜವೈಭವಕ್ಕಿಂತಲೂ ಅಮೂಲ್ಯವಾಗಿ ತೋರುತ್ತದೆ. ಅದು ಪಕ್ಷಿಗಳ ಚಿಕಿತ್ಸಾಲಯ. ಕೋಳಿ, ಪಾರಿವಾಳ, ನವಿಲು, ಬಾತು, ಕಿರುಹಕ್ಕಿ, ಯಾವುದೇ ಆಗಲಿ, ರೋಗಪೀಡಿತವಾದುದು, ಕಾಲು ಕುಂಟಾದುದು, ಜೊತೆಯನ್ನು ಕಳೆದುಕೊಂಡುದು ಅಲ್ಲಿ ಆಶ್ರಯವನ್ನು ಪಡೆಯುತ್ತಿದ್ದಿತು. ಗುಣವಾದ ಮೇಲೆ ಕಾಡಿನ ಹಕ್ಕಿಯನ್ನು ಹಾರಬಿಡುತ್ತಿದ್ದರು, ಸಾಕುಹಕ್ಕಿಯನ್ನು ದಯಾಳುವಾದ ಗೃಹಸ್ಥನೊಬ್ಬನ ಕೈಗೆ ಒಪ್ಪಿಸುತ್ತಿದ್ದರು. ಅಲ್ಲಿ ತಬ್ಬಲಿಗಳಾದ ಇಲಿಮರಿಗಳೂ ಇದ್ದವು. ಬಿಳಿಗಡ್ಡದ ವೃದ್ಧನೊಬ್ಬನು, ಮೂಗಿನ ಮೇಲೆ ಕನ್ನಡಕವನ್ನೇರಿಸಿಕೊಂಡು, ಪೆಟ್ಟಿಗೆಯ ಹತ್ತಿಯೊಳಗೆ ಮಲಗಿಸಿದ್ದ ಆ ಮರಿಗಳಿಗೆ ಹಕ್ಕಿಯ ಗರಿಯಿಂದ ಹಾಲೂಡುತ್ತಿದ್ದನು; ದೊಡ್ಡವಾದ ಮೇಲೆ ಬಿಟ್ಟುಬಿಡುವೆನೆಂದು ಪ್ರವಾಸಿಗೆ ಹೇಳಿದನು. ಇಲಿಗೆ ಇಷ್ಟು ಆರೈಕೆ ಸಂದ ಮನೆಯಲ್ಲಿ ಸೊಟ್ಟಗಾಲಿನ ಕೋಳಿಮರಿಯು ತಿಪ್ಪೆಯ ಪಾಲಾಗುತ್ತಿರಲಿಲ್ಲವೆಂದು ನಾವು ನಂಬಬಹುದು.

ವಣಿಕರ ದಾನದಿಂದ ನಡೆದ ಇಂತಹ ಪಿಂಜರಾಪೋಲುಗಳಲ್ಲಿ, ಎಂದರೆ ಪ್ರಾಣಿಗಳ ಆಶ್ರಯಶಾಲೆಗಳಲ್ಲಿ, ಪ್ರಾಣವನ್ನು ತೆಗೆಯುವ ಅಧಿಕಾರವು ಯಾರಿಗೂ ಇರಲಿಲ್ಲ. ಗುಣವಾಗದ ಜೀವಿಯನ್ನು ಅದರ ಆಯುಸ್ಸು ತೀರುವವರೆಗೂ ಪೋಷಿಸುವುದೇ ಧರ್ಮವಾಗಿತ್ತು. ದೆಹಲಿಯ ಕೆಂಪುಕೋಟೆಯ ಎದುರಿನ ಲಾಲ್ ಮಂದಿರದಲ್ಲಿರುವ ಜೈನ ಪಕ್ಷಿ ಚಿಕಿತ್ಸಾಲಯವು ಈ ಪರಂಪರೆಯದೇ.

ಈ ಧರ್ಮದ ಮುಂದೆ ಕಠಿನವಾದ ಪ್ರಶ್ನೆಯೊಂದನ್ನು ಇಟ್ಟವರು ಅಹಿಂಸೆಯನ್ನೇ ವ್ರತವಾಗಿ ಹಿಡಿದಿದ್ದ ಗಾಂಧೀಜಿ. 1928ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ಮಗ್ಗುಲು ಹೊರಳಿಸಿದರೂ ಸಹಿಸಲಾರದಷ್ಟು ಯಾತನೆಯಲ್ಲಿತ್ತು. ಬದುಕುವ ಭರವಸೆಯಿಲ್ಲವೆಂದು ಪಶುವೈದ್ಯನು ಹೇಳಿದ್ದನು. ಗಾಂಧೀಜಿಯವರು ಆಶ್ರಮದವರೊಡನೆ ಸಮಾಲೋಚಿಸಿ, ತಾವು ಎದುರಿಗಿದ್ದು, ವೈದ್ಯರೊಬ್ಬರಿಂದ ಅದಕ್ಕೆ ವಿಷದ ಚುಚ್ಚುಮದ್ದನ್ನು ಕೊಡಿಸಿದರು. ಎರಡು ನಿಮಿಷದೊಳಗೆ ಎಲ್ಲವೂ ಮುಗಿಯಿತು. ‘ಯಂಗ್ ಇಂಡಿಯಾ’ದಲ್ಲಿ ಅವರೇ ಇದನ್ನು ಪ್ರಕಟಪಡಿಸಿದಾಗ ಕ್ರುದ್ಧರಾದ ಓದುಗರ ಪತ್ರಗಳು ರಾಶಿಬಿದ್ದವು. ಉತ್ತರವಾಗಿ ಅವರು ಕೆಲವು ನಿಬಂಧನೆಗಳನ್ನು ಹೇಳಿದರು: ರೋಗವು ಅಸಾಧ್ಯವಾಗಿರಬೇಕು, ಸಂಬಂಧಪಟ್ಟವರೆಲ್ಲರೂ ಆಸೆಯನ್ನು ತೊರೆದಿರಬೇಕು, ರೋಗಿಯು ತನ್ನ ಇಚ್ಛೆಯನ್ನು ತಿಳಿಸಲಾರದ ಸ್ಥಿತಿಯಲ್ಲಿರಬೇಕು, ಮತ್ತು ಯಾವ ಸೇವೆಯಿಂದಲೂ ಅದಕ್ಕೆ ಉಪಶಮನವಾಗದಿರಬೇಕು.

ಈ ಕಡೆಯ ಮಾತೇ ನನಗೆ ಎಲ್ಲಕ್ಕಿಂತ ಭಾರವಾದುದೆಂದು ತೋರುತ್ತದೆ. ಕರುವಿನ ವಿಷಯದಲ್ಲಿ ಗಾಂಧೀಜಿಯವರು ಮಾಡಿದುದು ಸರಿಯೆಂದೇ ನನ್ನ ನಿಶ್ಚಯ. ಗುಣಕಾಣದ ನೋವನ್ನು ನೋಡುತ್ತ ಕುಳಿತಿರುವುದನ್ನು ಕರುಣೆಯೆಂದು ಕರೆಯಲು ನನಗೆ ಬಾಯಿ ಬಾರದು. ಆದರೆ ಅಂಗವೈಕಲ್ಯವು ಬೇರೆ, ಯಾತನೆಯು ಬೇರೆ. ಕಾಳನ್ನು ಕುಕ್ಕಿ, ನೀರನ್ನು ಕುಡಿದು, ತಾಯಿಯ ಹಿಂದೆ ಕುಂಟುತ್ತ ಹೋಗುವ ಕೋಳಿಮರಿಯ ಕತ್ತನ್ನು, ಅದು ನೆಟ್ಟಗೆ ನಡೆಯದೆಂಬ ಒಂದೇ ಕಾರಣಕ್ಕೆ ತಿರುಚುವವರು ಆ ನಿಬಂಧನೆಗಳ ಆಶ್ರಯವನ್ನು ಬೇಡುವಂತಿಲ್ಲ. ಅಂತಹ ಮರಿಗೆ ಸೇವೆಯಿಂದ ಉಪಶಮನವಾಗುವುದುಂಟು: ಮೊಟ್ಟೆಯೊಡೆದ ಮೊದಲ ದಿನಗಳಲ್ಲಿಯೇ, ಇಬ್ಬದಿಗೆ ಜಾರುವ ಕಾಲುಗಳೆರಡನ್ನೂ ನಡುವೆ ಸಹಜವಾದ ಅಂತರವಿರುವಂತೆ ಮೆತ್ತನೆಯ ಪಟ್ಟಿಯಿಂದ ಬಂಧಿಸಿ, ಜಾರದ ಒರಟು ಬಟ್ಟೆಯ ಮೇಲೆ ಮರಿಯನ್ನು ಬಿಟ್ಟರೆ, ಎಷ್ಟೋ ಮರಿಗಳು ಕೆಲವೇ ದಿನಗಳಲ್ಲಿ ಎದ್ದು ನಿಲ್ಲುತ್ತವೆ.